ಅಜ್ಜಿಯ ಬೀಸುವ ಪದ ತಲೆಯಿಂದ ಇಳಿಯದಿದ್ದರೆ

ಮೂರನೆಯ ಸಾಲು ಮರೆತಿರುವುದೇ ಬಹುಶಃ ಕಾರಣ. ಅಜ್ಜಿ ರಾಗಿ ಬೀಸುತ್ತಾ ಹಾಡುತ್ತಿದ್ದ ಎರಡು ಸಾಲುಗಳು ವಾರದಿಂದ ನಿದ್ದೆಗೆಡಿಸುತ್ತಿವೆ ಎಂದಿದ್ದೀರಿ. ಬೀಸುವ ಪದಗಳು ಹೆಚ್ಚಾಗಿ ತ್ರಿಪದಿಗಳು, ಅಂದರೆ ಮೂರು ಸಾಲಿನ ಪದ್ಯಗಳು. ಮುಗಿಯದ ಪದವನ್ನು ಮನಸ್ಸು ಮತ್ತೆ ಮತ್ತೆ ಮೊದಲಿನಿಂದ ಎತ್ತಿಕೊಳ್ಳುವುದುಂಟು. ನನಗೂ ಹೀಗಾಗಿತ್ತು, ಬೀಸುವ ಕಲ್ಲಿನ ಗೂಟ ಹಿಡಿದ ಅಜ್ಜಿಯ ಬಳೆಗಳ ಸದ್ದೂ ಜೊತೆಗೇ ಕೇಳುತ್ತಿತ್ತು.

ಮೊದಲು ಮನೆಯ ಹಿರಿಯ ಹೆಂಗಸರೊಬ್ಬರನ್ನು ಕೇಳಿ. ‘ಹೇಳಿ’ ಎನ್ನಬೇಡಿ, ‘ಹಾಡಿ’ ಎನ್ನಿ. ಕೈಯನ್ನು ಬೀಸುವಂತೆ ತಿರುಗಿಸಿದಾಗಲೇ ನನ್ನ ಚಿಕ್ಕಮ್ಮನಿಗೆ ಆ ಸಾಲು ತಾನಾಗಿ ಬಂದದ್ದು. ಅದನ್ನು ಮೊಬೈಲ್‌ನಲ್ಲಿ ಧ್ವನಿಮುದ್ರಿಸಿಕೊಂಡು, ಪೂರ್ತಿ ಪದವನ್ನು ನೀವೇ ಗಟ್ಟಿಯಾಗಿ ಹಾಡಿ ಮುಗಿಸಿ. ಯಾರಿಗೂ ನೆನಪಿಲ್ಲದಿದ್ದರೆ ಜನಪದ ತ್ರಿಪದಿಗಳ ಸಂಕಲನಗಳಲ್ಲಿ ಹುಡುಕಿ. ಊರಿಂದೂರಿಗೆ ಮಾತು ಬದಲಾಗುವುದರಿಂದ ಅದೇ ಸಾಲು ಸಿಗುತ್ತದೆ ಎನ್ನಲಾರೆ.

ಅಲ್ಲಿಯವರೆಗೆ, ಮಲಗುವ ಮುನ್ನ ಪದಬಂಧ ಬಿಡಿಸಿ. ಹಾಡನ್ನು ಬಲವಂತವಾಗಿ ಮಾತ್ರ ಅದುಮಬೇಡಿ.