ಬೆಳ್ಳನೆಯ ಮಗು, ಮೆಲ್ಬರ್ನ್ ಬಿಸಿಲು: ಸನ್‌ಸ್ಕ್ರೀನ್ ಒಂದೇ ಸಾಕಾ?

ಗಂಡ ಐರಿಷ್ ಮೂಲದವರು, ಮೂರು ವರ್ಷದ ಮಗಳಿಗೂ ಅವರದೇ ಬಣ್ಣ, ಜನವರಿಯಲ್ಲಿ ಮೆಲ್ಬರ್ನ್‌ಗೆ ಬರುತ್ತಿದ್ದೇವೆ, ಸನ್‌ಸ್ಕ್ರೀನ್ ಹಚ್ಚಿದರೆ ಸಾಕಾ ಎಂದು ಕೇಳಿದ್ದೀರಿ. ಸಾಲದು. ನಮ್ಮದೂ ಹೆಚ್ಚುಕಮ್ಮಿ ನಿಮ್ಮದೇ ಕಥೆ: ನಾನು ಮೈಸೂರಿನವಳು, ಗಂಡ ಇಲ್ಲಿಯವರು, ಮಗ ಹಾಲಿನಂತೆ ಬೆಳ್ಳಗೆ, ಕೆಂಚು ಕೂದಲು.

ನನಗೆ ಬುದ್ಧಿ ಬಂದದ್ದು ಒಂದು ಡಿಸೆಂಬರ್‌ನಲ್ಲಿ, ಇಲ್ಲಿನ ಬ್ರೈಟನ್ ಬೀಚಿನಲ್ಲಿ. ಮೋಡ ಮುಸುಕಿತ್ತು, ತಣ್ಣನೆ ಗಾಳಿ, 21 ಡಿಗ್ರಿ. ಬಿಸಿಲೇ ಇಲ್ಲವಲ್ಲ ಎಂದು ಟೋಪಿಯನ್ನು ಕಾರಿನಲ್ಲೇ ಬಿಟ್ಟೆ. ಸಂಜೆ ಮೈಮೇಲೆ ನೀರು ಹೊಯ್ದರೆ ಮಗು ಕಿರುಚಿಕೊಂಡ. ಕಿವಿ, ಕತ್ತು, ಹೆಗಲು ಎಲ್ಲ ಕೆಂಡ. ಬಿಸಿಲು ಎಂಬ ಮಾತಿನೊಳಗೇ ‘ಬಿಸಿ’ ಇದೆ ನೋಡಿ, ಸೆಕೆಯಾದರಷ್ಟೇ ನಮ್ಮವರಿಗೆ ಬಿಸಿಲು. ಆದರೆ ಚರ್ಮ ಸುಡುವುದು ಸೆಕೆಯಲ್ಲ, ಕಣ್ಣಿಗೆ ಕಾಣದ, ಮೈಗೆ ತಟ್ಟಿದ್ದೂ ಗೊತ್ತಾಗದ ಅತಿನೇರಳೆ (ಯುವಿ) ಕಿರಣ. ತೆಳು ಮೋಡ ಅದನ್ನು ಹೆಚ್ಚೇನೂ ತಡೆಯುವುದಿಲ್ಲ. ಸಾಲದ್ದಕ್ಕೆ ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿಯ ಆರಂಭದಲ್ಲಿ, ಇಲ್ಲಿ ನಡುಬೇಸಿಗೆ ಇರುವಾಗ.

ಹಾಗಾಗಿ ಎಷ್ಟು ಡಿಗ್ರಿ ಎಂದು ನೋಡುವುದನ್ನು ಬಿಟ್ಟು, ಆ ಕಿರಣ ಎಷ್ಟು ತೀವ್ರ ಎಂದು ಹೇಳುವ ಯುವಿ ಸೂಚ್ಯಂಕ ನೋಡಿ. ಸನ್‌ಸ್ಮಾರ್ಟ್ ಆ್ಯಪ್‌ನಲ್ಲಿ ಸಿಗುತ್ತದೆ. 3 ಅಥವಾ ಅದಕ್ಕಿಂತ ಮೇಲಿದ್ದರೆ ರಕ್ಷಣೆ ಬೇಕು. ಬೇಸಿಗೆಯ ಮಧ್ಯಾಹ್ನ ಇಲ್ಲಿ 10 ದಾಟುವುದು ಮಾಮೂಲು. ಜೂನ್, ಜುಲೈನಲ್ಲಿ ಸಾಮಾನ್ಯವಾಗಿ 3ರ ಕೆಳಗೇ ಇರುತ್ತದೆ, ಆಗ ಟೋಪಿಗೆ ರಜೆ.

ಇಲ್ಲಿ 1981ರಲ್ಲಿ ಶುರುವಾದ ‘ಸ್ಲಿಪ್, ಸ್ಲಾಪ್, ಸ್ಲ್ಯಾಪ್’ ಎಂಬ ಜಾಹೀರಾತಿದೆ. ಸಿಡ್ ಎಂಬ ಕಡಲಹಕ್ಕಿ ಕುಣಿಯುತ್ತಾ ಹೇಳುತ್ತದೆ: ಅಂಗಿ ತೊಡು, ಕ್ರೀಮ್ ಬಳಿ, ಟೋಪಿ ಹಾಕು. ನನ್ನ ಗಂಡನಿಗೆ ಇಂದಿಗೂ ಅದು ಬಾಯಿಪಾಠ. ಕ್ರೀಮಿಗಿಂತ ಮೊದಲು ಅಂಗಿ ಬಂದಿದೆ, ಗಮನಿಸಿ. ನೀರಿಗಿಳಿಯುವಾಗಲೂ ತುಂಬುತೋಳಿನ ಈಜುಡುಗೆ ಹಾಕಿ. ಇಲ್ಲಿ ಅದಕ್ಕೆ ‘ರ‍್ಯಾಶಿ’ ಅನ್ನುತ್ತಾರೆ. ಕ್ರಿಕೆಟ್ ಆಡುವವರ ಕ್ಯಾಪ್ ಬೇಡ, ಕಿವಿ, ಕತ್ತು ಎರಡೂ ಬಯಲಿಗೆ ಬೀಳುತ್ತವೆ. ಸುತ್ತಲೂ ಅಗಲ ಅಂಚಿರುವುದು, ಇಲ್ಲವೇ ಕತ್ತಿನ ಹಿಂದೆ ಬಟ್ಟೆ ಇಳಿಬಿದ್ದಿರುವುದು ಕೊಳ್ಳಿ.

ಇನ್ನು ಸನ್‌ಸ್ಕ್ರೀನ್. ಎಸ್‌ಪಿಎಫ್ (ರಕ್ಷಣೆಯ ಮಟ್ಟ) 50 ಇರುವುದು ಸುಡುವ ಯುವಿಬಿ ಎಂಬ ಬಗೆಯ ಕಿರಣಗಳಲ್ಲಿ ಸುಮಾರು 98% ತಡೆಯುತ್ತದೆ, ಆದರೆ ಧಾರಾಳವಾಗಿ ಬಳಿದರೆ ಮಾತ್ರ. ನಾವು ಹಚ್ಚುವುದು ತೀರ್ಥದ ಲೆಕ್ಕದಲ್ಲಿ! ದೊಡ್ಡವರ ಒಂದು ಇಡೀ ತೋಳಿಗೇ ಒಂದು ಟೀ ಚಮಚ ಬೇಕು, ಮಗುವಿಗೆ ಅದಕ್ಕೆ ತಕ್ಕಂತೆ ಕಡಿಮೆ. ಹೊರಡುವ 20 ನಿಮಿಷ ಮೊದಲು ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ, ಟವೆಲ್‌ನಲ್ಲಿ ಮೈ ಒರೆಸಿದ ಮೇಲಂತೂ ತಪ್ಪದೆ. ಕಿವಿಯ ತುದಿ, ಪಾದದ ಮೇಲ್ಭಾಗ, ಬೈತಲೆ ಮರೆತುಹೋಗುವ ಜಾಗಗಳು. ಟ್ಯೂಬನ್ನು ಕಾರಿನಲ್ಲಿ ಬಿಡಬೇಡಿ, ಕಾದರೆ ಕೆಡುತ್ತದೆ. ಮಗ ಓಡಿಹೋಗುತ್ತಿದ್ದ, ‘ಮೊದಲು ಅಮ್ಮನಿಗೆ ನೀನು ಹಚ್ಚು’ ಎಂದ ಮೇಲೆ ಹತೋಟಿಗೆ ಬಂದ. ಆರು ತಿಂಗಳೊಳಗಿನ ಕೂಸಾದರೆ ಕ್ರೀಮಿನ ಗೊಡವೆಗಿಂತ ನೆರಳು, ಬಟ್ಟೆಯೇ ಸರಿ.

ಊರಿನಿಂದ ಉಪದೇಶ ಬಂದೇ ಬರುತ್ತದೆ, ಸಿದ್ಧರಾಗಿರಿ. ‘ಕಪ್ಪಾಗ್ತೀಯ’ ಎಂದು ನನ್ನನ್ನು ಬಿಸಿಲಿಗೇ ಬಿಡದಿದ್ದ ಅಮ್ಮ ಮೊಮ್ಮಗನ ವಿಷಯದಲ್ಲಿ ಹೇಳುವುದು, ‘ಸ್ವಲ್ಪ ಬಣ್ಣ ಬರಲಿ ಬಿಡೇ’ ಅಂತ. ಬಣ್ಣ ಕೊಡುವ ಮೆಲನಿನ್ ಕಡಿಮೆ ಇರುವ ಇಂಥ ಚರ್ಮಕ್ಕೆ ಬಣ್ಣ ಬರುವುದಿಲ್ಲ, ಸುಟ್ಟು ಸಿಪ್ಪೆ ಏಳುತ್ತದೆ, ಅಷ್ಟೆ.

ಅಕಸ್ಮಾತ್ ಸುಟ್ಟರೆ ತಣ್ಣೀರ ಬಟ್ಟೆ ಹಾಕಿ, ಕುಡಿಯಲು ನೀರು ಕೊಡುತ್ತಿರಿ. ಐಸ್ ಉಜ್ಜಬೇಡಿ, ಬೊಬ್ಬೆ ಒಡೆಯಬೇಡಿ. ಬೊಬ್ಬೆ ಎದ್ದರೆ, ಜ್ವರ ಬಂದರೆ ಡಾಕ್ಟರಿಗೆ ತೋರಿಸಿ.

ಮುಂದೆ ಶಾಲೆಗೆ ಸೇರಿಸುವಾಗ ‘ನೋ ಹ್ಯಾಟ್, ನೋ ಪ್ಲೇ’ ಎಂಬ ನಿಯಮ ಕಾಣುತ್ತೀರಿ. ಟೋಪಿ ತರದ ಮಗು ನೆರಳಲ್ಲೇ ಕೂರಬೇಕು. ಈಗಿನಿಂದಲೇ ಅಭ್ಯಾಸ ಮಾಡಿಸಿ. ಅಂದಹಾಗೆ, ಅವಳ ಟೋಪಿಯನ್ನು ಸೂಟ್‌ಕೇಸಿನ ತಳಕ್ಕೆ ತುರುಕಬೇಡಿ, ವಿಮಾನದ ಕೈಚೀಲದಲ್ಲಿಟ್ಟುಕೊಳ್ಳಿ. ಏರ್‌ಪೋರ್ಟಿನಿಂದ ಹೊರಗೆ ಕಾಲಿಡುತ್ತಲೇ ಬೇಕಾಗುತ್ತದೆ.