ಇನ್ಸುಲಿನ್ ಪಂಪ್ ತಗೋಬೇಕಾ? ಕೋಲಾರದ ಒಂದು ಆಪ್ತಸಲಹೆ ಪ್ರಕರಣ

ಮನೆಯವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಹೆಸರು ಬಿಟ್ಟಿದ್ದೇನೆ, ಕೆಲವು ವಿವರ ಬದಲಿಸಿದ್ದೇನೆ.

ಹುಡುಗಿಗೆ 17 ವರ್ಷ, ಮೊದಲ ಪಿಯುಸಿ. ಟೈಪ್ 1 ಡಯಾಬಿಟಿಸ್, ಅಂದರೆ ದೇಹದಲ್ಲಿ ಇನ್ಸುಲಿನ್ ತಯಾರಾಗದ ಸಕ್ಕರೆ ಕಾಯಿಲೆ, ಇದೆ ಅಂತ ಗೊತ್ತಾಗಿದ್ದು 9ನೇ ವಯಸ್ಸಿನಲ್ಲಿ. ಆವತ್ತಿನಿಂದ ದಿನಕ್ಕೆ ನಾಲ್ಕು ಇಂಜೆಕ್ಷನ್: ತಿಂಡಿ, ಊಟಕ್ಕೆ ಮುಂಚೆ ಮೂರು, ಮಲಗುವಾಗ ದಿನವಿಡೀ ಕೆಲಸ ಮಾಡುವ ಇನ್ಸುಲಿನ್ ಒಂದು. ಅಪ್ಪನಿಗೆ ಶ್ರೀನಿವಾಸಪುರದ ಕಡೆ ಮಾವಿನ ತೋಟ, ಜೊತೆಗೆ ಒಂದಿಷ್ಟು ಟೊಮೆಟೊ. ಅಪ್ಪ, ಅಮ್ಮ, ಮಗಳು ಮೂವರೂ ಬಂದಿದ್ದರು.

"ಈ ಸಲ ಮಾವು ಕೈ ಹಿಡಿದಿದೆ ಮೇಡಂ. ದುಡ್ಡು ಕೈಯಲ್ಲಿದ್ದಾಗಲೇ ಪಂಪ್ ಹಾಕಿಸಿಬಿಡೋಣ ಅಂತ. ಯಾವುದು ಒಳ್ಳೇದು ಹೇಳಿ" ಅಂದರು ಅಪ್ಪ. ಅಮ್ಮ ಮಾತು ಸೇರಿಸಿದರು: "ಇವಳಿಗೆ ಸೂಜಿ ಕಾಟ ತಪ್ಪುತ್ತೆ, ನನಗೂ ನಿದ್ದೆ ಬರುತ್ತೆ." ಹುಡುಗಿ ಏನೂ ಹೇಳಲಿಲ್ಲ.

ಪಂಪ್ ಅಂದರೆ ಇಂಜೆಕ್ಷನ್ ಬದಲು ಇನ್ಸುಲಿನ್ ಕೊಡುವ ಸಣ್ಣ ಯಂತ್ರ. ಅದನ್ನು ದೇಹಕ್ಕೆ ಅಂಟಿಸಿಕೊಂಡು ತಿರುಗಬೇಕಾದವಳು ಅವಳು. ಹಾಗಾಗಿ ಅವಳ ಜೊತೆ ಬೇರೆ ಕೂತು ಮಾತಾಡಿದೆ. ಅವಳ ಮೊದಲ ಪ್ರಶ್ನೆ ಇದು: "ಮೇಡಂ, ನಾನು ಖೋ ಖೋ ಆಡ್ತೀನಿ. ಡೈವ್ ಹೊಡೆದಾಗ ಕಿತ್ತು ಬರಲ್ವಾ?" ಎಂಥ ಸರಿಯಾದ ಪ್ರಶ್ನೆ! ಇದನ್ನು ಅವಳಿಂದ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಆಡುವಾಗ ಬಿಚ್ಚಿಡಬಹುದು, ಆದರೆ ತುಂಬ ಹೊತ್ತು ಬಿಚ್ಚಿಡುವ ಹಾಗಿಲ್ಲ ಅಂತ ಹೇಳಿದೆ. ಬೆವರಿಗೆ ಅಂಟು ಸಡಿಲವಾಗುವುದೂ ಉಂಟು, ಅದನ್ನೂ ಮುಚ್ಚಿಡಲಿಲ್ಲ.

ಆಮೇಲೆ ಇನ್ನೊಂದು ವಿಷಯ ಹೊರಬಂತು. ಕಾಲೇಜಿನಲ್ಲಿ ಮಧ್ಯಾಹ್ನದ ಇಂಜೆಕ್ಷನ್ ಅವಳು ತಗೊಳ್ಳುತ್ತಿದ್ದುದೇ ಅಪರೂಪ. ಕ್ಲಾಸಿನಲ್ಲಿ ಎಲ್ಲರ ಮುಂದೆ ನಾಚಿಕೆ. ಟಾಯ್ಲೆಟ್ಟಿನಲ್ಲಿ ಚಿಲಕ ಇಲ್ಲ, ಇನ್ಸುಲಿನ್ ಚುಚ್ಚಿಕೊಳ್ಳುವ ಪೆನ್ ಇಡೋಕೆ ಒಣಗಿದ ಜಾಗ ಇಲ್ಲ. ಅವಳ ಅಜ್ಜಿಯೋ, ನಾಳೆ ಹೆಣ್ಣು ನೋಡೋಕೆ ಬಂದವರಿಗೆ ಗೊತ್ತಾಗಬಾರದು ಅಂತ ಚಿಕ್ಕಂದಿನಿಂದ ಹೇಳಿಕೊಂಡೇ ಬಂದಿದ್ದಾರೆ. ಮನೆಯವರ ಲೆಕ್ಕದಲ್ಲಿ ಪಂಪ್ ಅಂದರೆ ಕಾಯಿಲೆಯನ್ನು ಬಟ್ಟೆಯೊಳಗೆ ಮುಚ್ಚಿಡುವ ಉಪಾಯ. ಹುಡುಗಿಯ ಲೆಕ್ಕದಲ್ಲಿ ಅದು ಎಲ್ಲರ ಕಣ್ಣಿಗೆ ಬೀಳುವ ವಸ್ತು.

ಪಂಪ್ ಹೇಗೆ ಕೆಲಸ ಮಾಡುತ್ತೆ ಅಂತ ಮೂವರನ್ನೂ ಕೂರಿಸಿಕೊಂಡು ವಿವರಿಸಿದೆ. ಅದರಲ್ಲಿ ಬೇಗ ಕೆಲಸ ಮಾಡುವ ಇನ್ಸುಲಿನ್ ಮಾತ್ರ ಇರುತ್ತದೆ. ಚರ್ಮದ ಕೆಳಗೆ ಕೂತ ಸಣ್ಣ ಕೊಳವೆಯ ಮೂಲಕ ಹನಿಹನಿಯಾಗಿ ದಿನವಿಡೀ ಹೋಗುತ್ತಿರುತ್ತದೆ. ಊಟಕ್ಕೆ ಬೇಕಾದ ಡೋಸನ್ನು ನಾವೇ ಬಟನ್ ಒತ್ತಿ ಕೊಡಬೇಕು. ಮೈಗೆ ಅಂಟಿಸಿಕೊಂಡ, ಶುಗರ್ ಅಳೆಯುತ್ತಲೇ ಇರುವ ಸೆನ್ಸರ್ ನೋಡಿಕೊಂಡು ತಾನೇ ಹೆಚ್ಚು ಕಡಿಮೆ ಮಾಡುವ ಪಂಪ್‌ಗಳೂ ಬಂದಿವೆ. ಅವುಗಳಲ್ಲಿ ಹೆಚ್ಚಿನವಕ್ಕೂ ಊಟದಲ್ಲಿ ಎಷ್ಟು ಕಾರ್ಬೋಹೈಡ್ರೇಟ್ (ಶುಗರ್ ಏರಿಸುವ ಪಿಷ್ಟ, ಸಕ್ಕರೆಯ ಅಂಶ) ಇದೆ ಅಂತ ಹೇಳಲೇಬೇಕು. ಸೂಜಿಯೂ ಪೂರ್ತಿ ತಪ್ಪುವುದಿಲ್ಲ. ಎರಡು ಮೂರು ದಿನಕ್ಕೊಮ್ಮೆ ಹಳೇ ಸೆಟ್ (ಕೊಳವೆ, ಅದನ್ನು ಹಿಡಿದಿಡುವ ಅಂಟುಪಟ್ಟಿ) ತೆಗೆದು, ಜಾಗ ಬದಲಿಸಿ ಹೊಸದು ಚುಚ್ಚಿಕೊಳ್ಳಬೇಕು.

"ರಾಗಿ ಮುದ್ದೆಯಿಂದ ಶುಗರ್ ಏರಲ್ಲ ಅಲ್ವಾ ಮೇಡಂ?" ಅಂದರು ಅಮ್ಮ. ನಮ್ಮ ಕಡೆ ಎಲ್ಲರೂ ನಂಬಿರುವ ಮಾತು ಇದು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಅಕ್ಕಿಗಿಂತ ನಾರು ಜಾಸ್ತಿ, ಒಳ್ಳೆಯ ಆಹಾರ, ಆದರೆ ಇನ್ಸುಲಿನ್ ಬೇಕೇ ಬೇಕು. ಅಡುಗೆಮನೆಗೆ ಒಂದು ಸಣ್ಣ ತೂಕದ ಯಂತ್ರ ತನ್ನಿ, ಒಂದು ಮುದ್ದೆಗೆ ಎಷ್ಟು ಹಿಟ್ಟು ಹೋಗುತ್ತೆ ಅಂತ ತೂಗಿ ಬರೆದಿಡಿ ಅಂದೆ. ಈ ಲೆಕ್ಕ ಕೈಗೆ ಹತ್ತದೇ ಎಷ್ಟೇ ದುಬಾರಿ ಪಂಪ್ ತಂದರೂ ಪ್ರಯೋಜನ ಕಡಿಮೆ.

ತಕ್ಷಣ ಏನೂ ಕೊಳ್ಳಬೇಡಿ ಅನ್ನುವುದು ನನ್ನ ಮೊದಲ ಸಲಹೆ. ಮಗಳಿಗೆ ಅನ್ಯಾಯ ಮಾಡುತ್ತಿದ್ದೇವೇನೋ ಅಂತ ಅಪ್ಪನಿಗೆ ಸಂಕಟವಾಯಿತು. 1993ರಲ್ಲಿ ಹೊರಬಂದ ಡಿಸಿಸಿಟಿ ಅಧ್ಯಯನದ ಬಗ್ಗೆ ಹೇಳಿದೆ. ಅಮೆರಿಕ, ಕೆನಡಾದ 1441 ಜನ ಟೈಪ್ 1 ಇರುವವರನ್ನು ವರ್ಷಗಟ್ಟಲೆ ನೋಡಿದ ಅಧ್ಯಯನ ಅದು. ಶುಗರನ್ನು ಬಿಗಿಯಾಗಿ ಹಿಡಿತದಲ್ಲಿಟ್ಟರೆ ಕಣ್ಣು, ಕಿಡ್ನಿ, ನರಗಳಿಗೆ ಆಗುವ ಹಾನಿ ಬಹಳ ಕಡಿಮೆಯಾಗುತ್ತದೆ ಅಂತ ಅದು ತೋರಿಸಿತು. ಹಾಗೆ ಹಿಡಿತ ಸಾಧಿಸಿದವರಲ್ಲಿ ಪಂಪ್ ಹಾಕಿಕೊಂಡವರೂ ಇದ್ದರು, ದಿನಕ್ಕೆ ಮೂರು ಅಥವಾ ಹೆಚ್ಚು ಇಂಜೆಕ್ಷನ್ ತಗೊಂಡವರೂ ಇದ್ದರು. ಪೆನ್ನಿನಲ್ಲಿರುವ ಮಗು ಹಿಂದೆ ಬಿತ್ತು ಅಂದುಕೊಳ್ಳಬೇಕಿಲ್ಲ.

ಡಾಕ್ಟರ ಜೊತೆ ಮಾತಾಡಿ ಮೊದಲು ತೋಳಿಗೆ 14 ದಿನದ ಸೆನ್ಸರ್ ಹಾಕಿಸಿದೆವು. ಅಮ್ಮ ನಿದ್ದೆಗೆಟ್ಟು ರಾತ್ರಿ ಎರಡು ಗಂಟೆಗೆ ಎದ್ದು ಮಗಳ ಬೆರಳು ಚುಚ್ಚಿ ಶುಗರ್ ನೋಡುತ್ತಿದ್ದರು. ಅದಕ್ಕೆ ಕಾರಣ ಗ್ರಾಫಿನಲ್ಲಿ ಎದ್ದು ಕಂಡಿತು. ಖೋ ಖೋ ಅಭ್ಯಾಸ ಇದ್ದ ದಿನಗಳ ರಾತ್ರಿ ಮಾತ್ರ ಶುಗರ್ 70ಕ್ಕಿಂತ ಕೆಳಗೆ ಹೋಗುತ್ತಿತ್ತು. ಆಟದ ಪರಿಣಾಮ ಎಷ್ಟೋ ಗಂಟೆಗಳ ನಂತರವೂ ಇರುತ್ತದೆ. ಡಾಕ್ಟರು ಆ ದಿನಗಳ ಡೋಸ್ ಬದಲಿಸಿದರು, ಮಲಗುವ ಮುಂಚೆ ಏನು ತಿನ್ನಬೇಕು ಅಂತಲೂ ಹೇಳಿದರು. ಇನ್ನೊಂದು ಕಡೆ, ಕಾಲೇಜಿದ್ದ ದಿನ ಮಧ್ಯಾಹ್ನ ಶುಗರ್ ಗಗನಕ್ಕೇರಿದರೆ ಭಾನುವಾರ ಸರಿಯಾಗಿರುತ್ತಿತ್ತು. ಇಂಜೆಕ್ಷನ್ ತಪ್ಪುತ್ತಿದ್ದ ವಿಷಯವನ್ನು ಹುಡುಗಿ ಆಗ ತಾನಾಗಿಯೇ ಅಮ್ಮನಿಗೆ ಹೇಳಿದಳು. ಬೈಯಬೇಡಿ ಅಂತ ಮೊದಲೇ ಕೇಳಿಕೊಂಡಿದ್ದೆ. ಅಮ್ಮ ಬೈಯಲಿಲ್ಲ.

ಕಾಲೇಜಿನಲ್ಲಿ ಯಾರಿಗೆ ಹೇಳಬೇಕು ಅನ್ನುವುದನ್ನು ಅವಳಿಗೇ ಬಿಟ್ಟೆವು. ಒಬ್ಬ ಲೆಕ್ಚರರ್, ಇಬ್ಬರು ಗೆಳತಿಯರು ಸಾಕು ಅಂದಳು. ಸ್ಟಾಫ್ ರೂಮಿನಲ್ಲಿ ಒಂದು ಕುರ್ಚಿ ಸಿಕ್ಕಿತು. ಲೋ ಆದರೆ, ಅಂದರೆ ಶುಗರ್ ತೀರಾ ಇಳಿದರೆ, ಮೂರು ಚಮಚ ಸಕ್ಕರೆ ಕೊಡಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ ಅಂತ ಗೆಳತಿಯರಿಗೆ ಅವಳೇ ಹೇಳಿಕೊಟ್ಟಳು.

ಇನ್ನು ದುಡ್ಡಿನ ಮಾತು. ಮಾರುವವರು ಬರೆದುಕೊಟ್ಟ ಚೀಟಿಯಲ್ಲಿ ಪಂಪಿನ ಬೆಲೆ ಇತ್ತು, ಲಕ್ಷಗಳಲ್ಲಿ. ತಿಂಗಳ ಖರ್ಚಿನ ಸಾಲೇ ಇರಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ತಿಂಗಳಿಗೆ ಹತ್ತರಿಂದ ಹದಿನೈದು ಸೆಟ್, ಇನ್ಸುಲಿನ್ ತುಂಬುವ ರಿಸರ್ವಾಯರ್, ಸೆನ್ಸರ್ ಬೇಕಾದರೆ ಅದರ ಖರ್ಚು ಬೇರೆ. ಮಾವಿನ ದುಡ್ಡು ವರ್ಷಕ್ಕೊಂದು ಸಲ ಬರುತ್ತೆ, ಪಂಪ್ ಮೂರು ದಿನಕ್ಕೊಮ್ಮೆ ಕೇಳುತ್ತೆ. ಬೆಳೆ ಕೈಕೊಟ್ಟ ವರ್ಷ ಒಂದೇ ಸೆಟ್ಟನ್ನು ವಾರಗಟ್ಟಲೆ ಎಳೆದರೆ ಆ ಜಾಗ ಕೀವು ಕಟ್ಟಬಹುದು, ಇನ್ಸುಲಿನ್ ಒಳಗೆ ಹೋಗದೇ ಇರಬಹುದು.

ಅದಕ್ಕೆ ಅಪ್ಪನಿಗೆ ಹೇಳಿದೆ: ತಿಂಗಳ ಖರ್ಚು ಬರೆಸಿಕೊಂಡು ಬನ್ನಿ. ಅಷ್ಟೇ ದುಡ್ಡನ್ನು ಪಂಪ್ ಬರುವ ಮುಂಚೆ ಪ್ರತಿ ತಿಂಗಳೂ ಆರ್‌ಡಿ ಕಟ್ಟಿ ನೋಡಿ. ಮಾವು ಇಲ್ಲದ ತಿಂಗಳಲ್ಲೂ ಕಟ್ಟೋಕಾದರೆ ಪಂಪ್ ಸಾಕಬಹುದು. ವಾರಂಟಿ ಎಷ್ಟು ವರ್ಷ, ಕೆಟ್ಟರೆ ಬದಲಿ ಎಷ್ಟು ದಿನದಲ್ಲಿ ಕೋಲಾರಕ್ಕೇ ಬರುತ್ತೆ, ಮೊದಲು ಕೆಲವು ದಿನ ಹಾಕಿ ನೋಡೋಕೆ ಕೊಡ್ತಾರಾ ಅಂತಲೂ ಕೇಳಲು ಹೇಳಿದೆ.

ಪಂಪ್ ಹಾಕಿಸಿದರೂ ಮನೆಯಲ್ಲಿ ಪೆನ್ ಮತ್ತು ಕೀಟೋನ್ (ಇನ್ಸುಲಿನ್ ಸಾಲದಾದಾಗ ದೇಹದಲ್ಲಿ ಸೇರುವ ಅಪಾಯದ ಆಮ್ಲ) ನೋಡುವ ಸ್ಟ್ರಿಪ್ ಇರಲೇಬೇಕು. ದಿನವಿಡೀ ಕೆಲಸ ಮಾಡುವ ಇನ್ಸುಲಿನ್ ಒಳಗಿರುವುದಿಲ್ಲವಾದ್ದರಿಂದ ಕೊಳವೆ ಕಟ್ಟಿಕೊಂಡರೆ ಕೆಲವೇ ಗಂಟೆಗಳಲ್ಲಿ ಕೀಟೋನ್ ಏರುತ್ತದೆ. ಶುಗರ್ 250 ದಾಟಿ, ಪಂಪಿನಿಂದ ಡೋಸ್ ಕೊಟ್ಟರೂ ಇಳಿಯದಿದ್ದರೆ ಡಾಕ್ಟರು ಹೇಳಿಕೊಟ್ಟಷ್ಟು ಪೆನ್ನಿನಿಂದ ತಗೊಂಡು ಸೆಟ್ ಬದಲಿಸಬೇಕು. ವಾಂತಿ ಶುರುವಾದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಸಿರಿಂಜ್ ಬಗ್ಗೆಯೂ ಎಚ್ಚರ ಬೇಕು. ಮೆಡಿಕಲ್ ಶಾಪಿನಲ್ಲಿ ಸುಲಭವಾಗಿ ಸಿಗುವ ಕೆಂಪು ಮುಚ್ಚಳದ ಸಿರಿಂಜ್, ಒಂದು ಎಂಎಲ್‌ನಲ್ಲಿ 40 ಯೂನಿಟ್ ಇರುವ ಇನ್ಸುಲಿನ್ನಿನದು. ಪಂಪಿಗೆ ಹಾಕುವುದು 100 ಯೂನಿಟ್ಟಿನದು. ಅದನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಹತ್ತು ಅಂದುಕೊಂಡದ್ದು 25 ಆಗಿಬಿಡುತ್ತದೆ. ಜೀವಕ್ಕೇ ಅಪಾಯ.

ಪಂಪ್ ಬೇಡವೇ ಬೇಡ ಅನ್ನುವವಳಲ್ಲ ನಾನು. ಲೋ ಆಗುವುದು ಮೈಗೆ ಗೊತ್ತೇ ಆಗದವರಿಗೆ, ಬೆಳಗಿನ ಜಾವ ಶುಗರ್ ಏರುವವರಿಗೆ, ಅರ್ಧ ಯೂನಿಟ್ಟೂ ಜಾಸ್ತಿಯಾಗುವ ಪುಟ್ಟ ಮಕ್ಕಳಿಗೆ ಅದು ನಿಜಕ್ಕೂ ಬದುಕು ಬದಲಿಸುತ್ತದೆ.

ಈ ಮನೆಯವರು ಡಿಸೆಂಬರ್, ಫೆಬ್ರವರಿ ಎರಡು ತಿಂಗಳು ಆರ್‌ಡಿ ಕಟ್ಟಲಾಗಲಿಲ್ಲ. ಟೊಮೆಟೊ ರೇಟ್ ಬಿದ್ದಿತ್ತು. ಸದ್ಯಕ್ಕೆ ಪೆನ್ನಿನಲ್ಲೇ ಮುಂದುವರಿಯೋಣ, ಆಟದ ಸೀಸನ್ನಿನಲ್ಲಿ ಸೆನ್ಸರ್ ಹಾಕಿಸೋಣ ಅಂತ ಮೂವರೂ ಸೇರಿ ತೀರ್ಮಾನಿಸಿದರು. ಮಧ್ಯಾಹ್ನದ ಡೋಸ್ ಈಗ ತಪ್ಪುತ್ತಿಲ್ಲ, ಶುಗರಿನ ಮೂರು ತಿಂಗಳ ಸರಾಸರಿ ಇಳಿದಿದೆ. ಕಟ್ಟಿದ ಆರ್‌ಡಿ ಹಾಗೇ ಇದೆ. ಎರಡನೇ ಪಿಯುಸಿ ಪರೀಕ್ಷೆ ಮುಗಿದ ಮೇಲೆ ಪಂಪ್ ಒಂದನ್ನು ಕೆಲವು ದಿನ ಹಾಕಿ ನೋಡುತ್ತೇನೆ, ಆಮೇಲೆ ಹೇಳುತ್ತೇನೆ ಅಂದಿದ್ದಾಳೆ ಹುಡುಗಿ.