ಹೂವಿನ ಟೀ ಕುಡಿದರೆ ಲಿವರ್ ಸರಿಹೋಗುತ್ತಾ?

ಪ್ರಶ್ನೆ: ನನಗೆ 46 ವರ್ಷ. ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಅಂತ ಬಂದಿದೆ. ರಕ್ತದಲ್ಲಿ ಎಸ್‌ಜಿಪಿಟಿ ಅನ್ನೋ ಲಿವರ್ ಕಿಣ್ವವೂ ಸ್ವಲ್ಪ ಜಾಸ್ತಿ ಇದೆ. ಒಣಗಿದ ಸೇವಂತಿಗೆ ಹೂವಿನ ಟೀ ಕುಡಿ, ಅದರಲ್ಲಿ ಲಿವರ್ ಕಾಯುವ ಲ್ಯೂಟಿಯೊಲಿನ್ ಅನ್ನೋ ಅಂಶ ಇದೆ ಅಂತ ಗೆಳತಿ ಹೇಳುತ್ತಾಳೆ. ಅದರ ಮೇಲೆ ಸಂಶೋಧನೆಯೂ ಆಗಿದೆಯಂತೆ. ಕುಡಿಯಬಹುದಾ ಡಾಕ್ಟ್ರೇ?

ಉತ್ತರ: ಸೇವಂತಿಗೆ ಅಲರ್ಜಿ ಇಲ್ಲದಿದ್ದರೆ ಕುಡಿಯಿರಿ ತಾಯಿ. ಟೀ ಅಂತ ಕುಡಿಯಿರಿ, ಔಷಧಿ ಅಂತ ಬೇಡ.

ನಿಮ್ಮ ಗೆಳತಿ ಹೇಳಿದ್ದು ಸುಳ್ಳಲ್ಲ. ಸೇವಂತಿಗೆಯಲ್ಲಿ ಲ್ಯೂಟಿಯೊಲಿನ್ ಇದೆ, ಅದೇ ಜಾತಿಯ ಎಪಿಜೆನಿನ್ ಕೂಡ ಇದೆ. ಆದರೆ ಆ ಸಂಶೋಧನೆ ಹೇಗೆ ನಡೆಯುತ್ತದೆ ಗೊತ್ತಾ? ಫಾರ್ಮಕಾಲಜಿ ಪಾಠ ಮಾಡಿದವನು ನಾನು, ಇಂಥ ಪ್ರಬಂಧಗಳನ್ನು ರಾಶಿ ರಾಶಿ ಓದಿದ್ದೇನೆ. ಇಲಿಗೆ ಮೊದಲು ಕೆಲವು ದಿನ ಹೂವಿನ ಸಾರ ಕುಡಿಸುತ್ತಾರೆ. ಆಮೇಲೆ ಕಾರ್ಬನ್ ಟೆಟ್ರಾಕ್ಲೋರೈಡ್ ಅನ್ನೋ ವಿಷ ಕೊಡುತ್ತಾರೆ. ಲಿವರ್‌ನ ಬೇರೊಂದು ಕಿಣ್ವವೇ ಆ ವಿಷವನ್ನು ಒಡೆದು ಫ್ರೀ ರ‍್ಯಾಡಿಕಲ್ ಮಾಡುತ್ತದೆ. ಆ ಪುಂಡ ಕಣ ಜೀವಕೋಶದ ಪೊರೆಯನ್ನು ಹಾಳು ಮಾಡಿದಾಗ ಒಳಗಿದ್ದ ಎಸ್‌ಜಿಪಿಟಿ ರಕ್ತಕ್ಕೆ ಸೋರುತ್ತದೆ. ಸೋರಿಕೆ ಕಡಿಮೆ ಆಯಿತೋ, ಆ ಹೂವು 'ಲಿವರ್ ರಕ್ಷಕ'. ಇಲ್ಲೊಂದು ತಮಾಷೆ ಇದೆ. ಸಾರವು ವಿಷ ಒಡೆಯುವ ಆ ಕಿಣ್ವವನ್ನು ಸುಮ್ನೆ ಕೂರಿಸಿದರೂ ಸೋರಿಕೆ ಕಡಿಮೆಯೇ ಆಗುತ್ತದೆ! ನಿಮಗಂತೂ ಯಾರೂ ಆ ವಿಷ ಹಾಕಿಲ್ಲ. ನಿಮ್ಮ ಲಿವರ್‌ನಲ್ಲಿ ಕೂತಿರುವುದು ಕೊಬ್ಬು.

ಮನುಷ್ಯರ ಮೇಲೆ ಚೆನ್ನಾಗಿ ಪರೀಕ್ಷೆಯಾದದ್ದು ಮಿಲ್ಕ್ ಥಿಸಲ್ ಗಿಡ. ನೇರಳೆ ಹೂವು ನೋಡಲು ಚೆಂದ, ಔಷಧಿಗೆ ಬಳಸುವುದು ಮಾತ್ರ ಬೀಜ. ಅದರಲ್ಲಿರುವ ಸಿಲಿಬಿನಿನ್ ಅನ್ನೋ ಅಂಶವನ್ನು ಯುರೋಪಿನಲ್ಲಿ ವಿಷದ ಅಣಬೆ ತಿಂದವರಿಗೆ ರಕ್ತನಾಳದ ಮೂಲಕ ಕೊಡುತ್ತಾರೆ. ಅಣಬೆಯ ವಿಷ ಲಿವರ್ ಕೋಶದೊಳಗೆ ನುಗ್ಗದಂತೆ ಅದು ಅಡ್ಡಗಟ್ಟುತ್ತದೆ. ಅದೇ ಗಿಡದ ಮಾತ್ರೆಯ ಕಥೆ ಬೇರೆ. ಅಮೆರಿಕದಲ್ಲಿ ಹೆಪಟೈಟಿಸ್ ಸಿ ಇದ್ದ 154 ಜನರ ಮೇಲೆ ನಡೆದ ಪ್ರಯೋಗ 2012ರಲ್ಲಿ ಪ್ರಕಟವಾಯಿತು. ಸಾಮಾನ್ಯಕ್ಕಿಂತ ಜಾಸ್ತಿ ಡೋಸ್ ಕೊಟ್ಟರೂ, ಔಷಧಿ ಇಲ್ಲದ ಮಾತ್ರೆ ನುಂಗಿದವರಿಗಿಂತ ಎಸ್‌ಜಿಪಿಟಿ ಹೆಚ್ಚೇನೂ ಇಳಿಯಲಿಲ್ಲ.

ಹೂವು ತಾನೇ, ಏನಾಗುತ್ತೆ ಅನ್ನಬೇಡಿ. ಕೆಲವು ದೇಶಗಳಲ್ಲಿ ಕೆಮ್ಮಿಗೆ ಬಳಸುವ ಕೋಲ್ಟ್ಸ್‌ಫುಟ್ ಹೂವಿನಲ್ಲಿ ಪಿರೊಲಿಜಿಡಿನ್ ಆಲ್ಕಲಾಯ್ಡ್ ಅನ್ನೋ ವಿಷಗಳಿವೆ. ಲಿವರ್‌ನ ಸಣ್ಣ ರಕ್ತನಾಳಗಳನ್ನು ಕಟ್ಟಿಸಿಬಿಡುವ ಜಾತಿ ಅವು.

ನಿಮ್ಮ ತೂಕ ಬರೆದಿಲ್ಲ. ಜಾಸ್ತಿ ಇದ್ದರೆ ನಿಧಾನವಾಗಿ ಶೇ. 7ರಿಂದ 10ರಷ್ಟು ಇಳಿಸಿ. ಅಂದರೆ 80 ಕಿಲೋ ಇದ್ದವರು ಆರರಿಂದ ಎಂಟು ಕಿಲೋ. ಲಿವರ್‌ನ ಕೊಬ್ಬು ಕರಗುವುದು ಹಾಗೆ. ಟೀಗೆ ಸಕ್ಕರೆ ಬೇಡ. ಹೂವಿನ ಸಾರದ ಮಾತ್ರೆ ಏನಾದರೂ ಶುರು ಮಾಡಿದ್ದರೆ, ಮುಂದಿನ ರಕ್ತಪರೀಕ್ಷೆಗೆ ಮೊದಲೇ ನಿಮ್ಮ ಡಾಕ್ಟರಿಗೆ ಡಬ್ಬಿ ಸಮೇತ ತೋರಿಸಿ.